ಹಡೀಲು ಬಿದ್ದ ಗದ್ದೆಗೆ ಸರಕಾರದ ಸಹಾಯಧನ ಸಿಗುತ್ತದೆಯೇ?



ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರು ಊರಿಗೆ ಹೋಗಿ ಬಂದ ಮೇಲೆ ಆಡುವ ಮಾತುಗಳಲ್ಲಿ ಒಂದು ಮಾತು ತಪ್ಪುವುದಿಲ್ಲ. "ಗದ್ದೆಯೆಲ್ಲ ಕಾಡಾಗಿದೆ ಮಾರಾಯ್ರೆ." ಪನ್ವೇಲಿನಲ್ಲಿ ಮತ್ಸ್ಯಗಂಧ ಹತ್ತಿ ಉಡುಪಿ, ಮಂಗಳೂರಿಗೆ ಹೋಗುವವರದ್ದು ಈ ಮಾತು. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಯಲ್ಲಿ ಇಳಿಯುವವರದ್ದು ಬೇರೆ ಮಾತು: "ಹೊಲದ ಬದು ಕಿತ್ತು ಹೋಗ್ಯಾವ್ರೀ, ಮಳಿ ನೀರು ಮಣ್ಣೆಲ್ಲ ತಗೊಂಡು ಹೋಗ್ತದ." ನೆಲ ಬೇರೆ, ಕಷ್ಟ ಒಂದೇ. ಹಿಂದೆಯೇ ಬರುವ ಪ್ರಶ್ನೆ, ಇದಕ್ಕೆ ಸರಕಾರದಿಂದ ಏನಾದರೂ ಸಿಗುತ್ತದೆಯೇ? ಸಿಗುತ್ತದೆ. ಆದರೆ ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ಎಂಬುದನ್ನು ತಿಳಿದುಕೊಳ್ಳದೆ ಹೊರಟರೆ ರಜೆಯ ಎಂಟು ದಿನ ಕಚೇರಿಯ ಜಗಲಿಯಲ್ಲೇ ಕಳೆದುಹೋಗುತ್ತದೆ.

ಮೊದಲು ಮರ ನೆಡುವ ವಿಚಾರ. ಕರ್ನಾಟಕ ಅರಣ್ಯ ಇಲಾಖೆ 2011-12ರಲ್ಲಿ 'ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ' ಆರಂಭಿಸಿತು. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಕೊಂಡು ನಿಮ್ಮ ಜಮೀನಿನಲ್ಲಿ ನೆಡಬೇಕು. ಬದುಕಿ ಉಳಿದ ಪ್ರತಿ ಗಿಡಕ್ಕೆ ಮೊದಲನೇ ವರ್ಷದ ಕೊನೆಗೆ 35, ಎರಡನೇ ವರ್ಷಕ್ಕೆ 40, ಮೂರನೇ ವರ್ಷಕ್ಕೆ 50, ಒಟ್ಟು 125 ರೂಪಾಯಿ ಎಂದು ಇಲಾಖೆ ದರ ನಿಗದಿಪಡಿಸಿತು. ಆರಂಭದಲ್ಲಿ ಇದು ಇನ್ನೂ ಕಡಿಮೆಯಿತ್ತು, ಆಮೇಲೆ ಏರಿಸಿದ್ದು. ಹೆಕ್ಟೇರಿಗೆ 400 ಗಿಡದ ಮಿತಿಯಂತೆ ಲೆಕ್ಕ ಹಾಕಿದರೆ ಎಕರೆಗೆ 160 ಗಿಡ. ಎಲ್ಲವೂ ಬದುಕಿದರೆ ಮೂರು ವರ್ಷಕ್ಕೆ 20,000 ರೂಪಾಯಿ. ನೀಲಗಿರಿ, ಅಕೇಶಿಯಾದಂಥ ಗಿಡಗಳಿಗೆ ಈ ಹಣ ಇಲ್ಲ.

'ಬದುಕಿದರೆ' ಎಂಬ ಪದವನ್ನು ಎರಡು ಸಲ ಓದಿ. ಸತ್ತ ಗಿಡಕ್ಕೆ ಕಾಸಿಲ್ಲ. ಆಷಾಢದ ಮಳೆಗೆ ಗಿಡ ನೆಡುವುದು ಸುಲಭ. ಮುಂದಿನ ಏಪ್ರಿಲಿನಲ್ಲಿ ಅದಕ್ಕೆ ನೀರು ಹೊಯ್ಯುವವರು ಯಾರು? ಸುಗ್ಗಿ ಮುಗಿದ ಮೇಲೆ ಊರ ದನಗಳನ್ನು ಬಿಟ್ಟುಬಿಡುತ್ತಾರೆ, ಬೇಲಿ ಕಾಯುವವರು ಯಾರು? ಡೊಂಬಿವಲಿಯ ಫ್ಲ್ಯಾಟಿನಿಂದ ಇದು ಆಗುವ ಕೆಲಸವಲ್ಲ. ಊರಿನಲ್ಲಿ ಅಣ್ಣನೋ ಭಾವನೋ ಹೊಣೆ ಹೊರುವುದಾದರೆ ಮಾತ್ರ ಈ ಯೋಜನೆಗೆ ಕೈ ಹಾಕಿ ಎಂಬುದು ನನ್ನ ಅಭಿಪ್ರಾಯ. ಹಾಗೆ ಹೊಣೆ ಹೊತ್ತವರಿಗೆ ಆ ಹಣ ಸೇರಬೇಕಾದ್ದೂ ನ್ಯಾಯ.

ಮಹಾರಾಷ್ಟ್ರದಲ್ಲೂ ಇದೇ ದಾರಿ. ಕೊಂಕಣದ ಗುಡ್ಡಗಳಲ್ಲಿ ರೈಲಿನ ಕಿಟಕಿಯಿಂದ ಕಾಣುವ ಮಾವು, ಗೇರು ತೋಟಗಳಲ್ಲಿ ಬಹಳಷ್ಟು 1990ರಲ್ಲಿ ರಾಜ್ಯ ಸರಕಾರ ಉದ್ಯೋಗ ಖಾತರಿಗೆ ಜೋಡಿಸಿ ತಂದ ಹಣ್ಣಿನ ತೋಟದ ಯೋಜನೆಯ ಫಲ. 2018ರಲ್ಲಿ ಬಂದ ಭಾವೂಸಾಹೇಬ್ ಫುಂಡ್ಕರ್ ಫಳಬಾಗ ಯೋಜನೆಯಲ್ಲಿ ಸಹಾಯಧನ ಮೂರು ಕಂತು: ಶೇಕಡಾ 50, 30, 20. ನೀರಾವರಿ ಗಿಡಗಳಾದರೆ ಶೇಕಡಾ 90, ಮಳೆಯಾಶ್ರಿತವಾದರೆ ಶೇಕಡಾ 80 ಬದುಕಿರಬೇಕು. ಕೊಂಕಣದಲ್ಲಿ 10 ಗುಂಟೆಯಿಂದ 10 ಹೆಕ್ಟೇರ್ ವರೆಗೆ ಅವಕಾಶ. ಮುರ್ಬಾಡ್, ಕರ್ಜತ್ ಕಡೆ ಜಮೀನಿರುವ ಕೇಳುಗರು ಇದನ್ನು ವಿಚಾರಿಸಬಹುದು. ಸಾತ್‌ಬಾರಾದಲ್ಲಿ ನಿಮ್ಮ ಹೆಸರಿರಬೇಕು, ಮತ್ತು ಕೃಷಿಯನ್ನೇ ನಂಬಿದ ಕುಟುಂಬಕ್ಕೆ ಮೊದಲ ಆದ್ಯತೆ ಎಂಬುದು ನೆನಪಿರಲಿ. ಹೋಟೆಲು ನಡೆಸುವವರು ಸಾಲಿನಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ.

ಬಯಲುಸೀಮೆಯವರಿಗೆ ಕೃಷಿ ಭಾಗ್ಯ ಇದೆ. 2014ರಲ್ಲಿ ಆರಂಭವಾಗಿ, ನಡುವೆ ನಿಂತು, 2023-24ರಲ್ಲಿ ಮತ್ತೆ ಜೀವ ಪಡೆದ ಯೋಜನೆ. ಹೊಲದ ಬದು, ಕೃಷಿ ಹೊಂಡ, ಅದಕ್ಕೆ ಪಾಲಿಥೀನ್ ಹೊದಿಕೆ, ಸುತ್ತ ಬೇಲಿ, ಪಂಪ್‌ಸೆಟ್, ಹನಿ ಅಥವಾ ತುಂತುರು ನೀರಾವರಿ ಇವೆಲ್ಲ ಒಂದು ಪ್ಯಾಕೇಜು. ಕೃಷಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡಾ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 90 ಸಹಾಯಧನ. ಹೊಂಡದ ಸುತ್ತ ಬೇಲಿ ಹಾಕಿಸುವುದನ್ನು ಮಾತ್ರ ಬಿಡಬೇಡಿ. ಪಾಲಿಥೀನ್ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾರದು. ಇನ್ನು ಉದ್ಯೋಗ ಖಾತರಿಯಲ್ಲಿ ಸಣ್ಣ ರೈತರು ತಮ್ಮ ಜಮೀನಿನಲ್ಲೇ ಬದು, ಬಾವಿ ಮಾಡಿಸಿಕೊಳ್ಳುತ್ತಿದ್ದರು. 2005ರ ಆ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯ್ದೆ ಅಂಗೀಕರಿಸಿದೆ. ಹಾಗಾಗಿ ಹಳೆಯ ಲೆಕ್ಕ ಹಿಡಿದುಕೊಂಡು ಹೋಗದೆ ಪಂಚಾಯಿತಿಯಲ್ಲೇ ಕೇಳುವುದು ಒಳ್ಳೆಯದು.

ಈಗ ಕರಾವಳಿಯ ಹಡೀಲು ಗದ್ದೆ. ನಮ್ಮ ಕೇಳುಗರಲ್ಲಿ ಬಹುಪಾಲು ಮಂದಿಯ ಮನಸ್ಸು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಬೆಟ್ಟು ಗದ್ದೆ ಹಡೀಲು ಬಿದ್ದರೆ ನಷ್ಟ ಹೆಚ್ಚಾಗಿ ನಿಮ್ಮೊಬ್ಬರದು. ಬೈಲು ಗದ್ದೆ ಹಾಗಲ್ಲ. ಬೈಲಿನಲ್ಲಿ ಒಂದು ಗದ್ದೆಯ ನೀರು ಇನ್ನೊಂದಕ್ಕೆ ಇಳಿಯಬೇಕು. ನಡುವೆ ನಿಮ್ಮ ನಾಲ್ಕು ಗದ್ದೆಯ ಹುಣಿ ಒಡೆದು, ತೋಡಿನಲ್ಲಿ ಹೂಳು ತುಂಬಿತೆಂದರೆ ಮೇಲಿನವನ ಪೈರು ಕೊಳೆಯುತ್ತದೆ, ಕೆಳಗಿನವನಿಗೆ ನೀರಿಲ್ಲ. ಎರಡು ವರ್ಷ ನೋಡಿ ಅವರೂ ಬಿಡುತ್ತಾರೆ. ಏಣೆಲು ಬೆಳೆಗೆ ತಿಂಗಳುಗಟ್ಟಲೆ ಗದ್ದೆಯಲ್ಲಿ ನಿಲ್ಲುತ್ತಿದ್ದ ನೀರು ನೆಲಕ್ಕೆ ಇಂಗಿ ಮನೆ ಬಾವಿಗೆ ಬರುತ್ತಿತ್ತು. ಈಗ ಅದೇ ನೀರು ಹರಿದು ಸಮುದ್ರ ಸೇರುತ್ತದೆ. ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದಾಗ ಬಾವಿ ತಳ ಕಾಣುವುದಕ್ಕೆ ಒಂದು ಕಾರಣ ಇಲ್ಲಿದೆ.

ಸರಕಾರ ಇದನ್ನು ಗಮನಿಸದೆ ಇಲ್ಲ. 2019-20ರ ಕರ್ನಾಟಕ ಬಜೆಟ್ಟಿನಲ್ಲಿ 'ಕರಾವಳಿ ಪ್ಯಾಕೇಜ್' ಎಂದು ಭತ್ತ ಬೆಳೆಯುವವರಿಗೆ ಹೆಕ್ಟೇರಿಗೆ 7,500 ರೂಪಾಯಿ ಘೋಷಣೆಯಾಗಿತ್ತು. ಎಕರೆಗೆ ಮೂರು ಸಾವಿರ. ನಾಟಿ, ಕಟಾವಿನ ಕೂಲಿ ತಿಳಿದವರು ಇದನ್ನು ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ಪಕ್ಕದ ಕೇರಳದ ಯೋಚನೆ ಸ್ವಲ್ಪ ಬೇರೆ. ಅಲ್ಲಿ 2008ರಲ್ಲೇ ಗದ್ದೆಗೆ ಮಣ್ಣು ತುಂಬಿಸುವುದನ್ನು ತಡೆಯುವ ಕಾಯ್ದೆ ಬಂತು. 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ 'ರಾಯಲ್ಟಿ' ಕೊಡಲು ಆರಂಭಿಸಿದರು. ನಮ್ಮ ಕಾಸರಗೋಡಿನ ಕನ್ನಡಿಗರೂ ಇದರ ವ್ಯಾಪ್ತಿಯಲ್ಲಿದ್ದಾರೆ. ಬೆಳೆದ ಅಕ್ಕಿಗಲ್ಲ, ಗದ್ದೆ ನೀರು ಹಿಡಿದಿಟ್ಟು ಊರಿಗೆ ಮಾಡುವ ಉಪಕಾರಕ್ಕೆ ಕೊಡುವ ಹಣ ಇದು. ಹಡೀಲು ಬಿಟ್ಟವರು ಇನ್ನೊಬ್ಬ ರೈತನಿಂದ ಬೆಳೆ ತೆಗೆಸಿದರೂ ಅರ್ಹರು ಎಂದು ನಿಯಮದಲ್ಲಿತ್ತು. ಅಮೆರಿಕದಲ್ಲಿ 1985ರಿಂದ ಸವಕಳಿಯಾಗುವ ಹೊಲವನ್ನು ಹತ್ತು ಹದಿನೈದು ವರ್ಷ ಉಳದೆ ಹುಲ್ಲು, ಮರಕ್ಕೆ ಬಿಟ್ಟವರಿಗೆ ಸರಕಾರವೇ ವಾರ್ಷಿಕ ಬಾಡಿಗೆ ಕೊಡುತ್ತ ಬಂದಿದೆ. ಮೊತ್ತ ಚಿಕ್ಕದಿದ್ದರೂ ಕೇರಳದ ದಾರಿಯೇ ಸರಿಯೆಂದು ನನಗೆ ಕಾಣುತ್ತದೆ.

ಇನ್ನೊಬ್ಬರಿಂದ ಬೆಳೆ ತೆಗೆಸುವುದು ಎಂದೊಡನೆ ಮುಂಬಯಿಯ ನಮ್ಮವರ ಎದೆ ಢವಗುಟ್ಟುತ್ತದೆ. ಭೂ ಮಸೂದೆಯ ನೆನಪು ಹಾಗಿದೆ. ಗೇಣಿಗೆ ಕೊಟ್ಟ ಗದ್ದೆ ಒಕ್ಕಲಿನ ಪಾಲಾದ ಮನೆಗಳ ಮಕ್ಕಳು ಇಲ್ಲಿ ಬಹಳ ಇದ್ದಾರೆ. ಹಾಗೆಯೇ ಗದ್ದೆ ಸಿಕ್ಕಿ ತಲೆ ಎತ್ತಿದ ಒಕ್ಕಲು ಮನೆಗಳ ಮಕ್ಕಳೂ ಇಲ್ಲಿದ್ದಾರೆ ಎಂಬುದನ್ನು ಮರೆಯಬಾರದು. ಕಾನೂನು ಹೇಳುವುದು ಇಷ್ಟು: 1974ರ ತಿದ್ದುಪಡಿಯಂತೆ ಸರಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ಕ್ಕೆ ಮುಂಚೆ ಗೇಣಿಯಲ್ಲಿದ್ದ ಭೂಮಿ. ಒಕ್ಕಲು ಅರ್ಜಿಯ ಗಡುವು 1979ರ ಜೂನ್ 30ಕ್ಕೇ ಮುಗಿದಿದೆ. ಇಂದು ನೆರೆಯವನು ಒಂದು ಬೆಳೆ ತೆಗೆದ ಮಾತ್ರಕ್ಕೆ ಆ ಕಲಮಿನಡಿ ಒಡೆಯನಾಗುವುದಿಲ್ಲ. ಆದರೆ ಹೊಸದಾಗಿ ಗೇಣಿಗೆ ಕೊಡುವುದಕ್ಕೇ ಕರ್ನಾಟಕದಲ್ಲಿ ನಿಷೇಧವಿದೆ, ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು. ಹಾಗಾಗಿ ಬೆಳೆಯುವವನ ಕೈಯಲ್ಲಿ ಕಾಗದವಿಲ್ಲ. ಕಾಗದವಿಲ್ಲದವನಿಗೆ ಸಹಾಯಧನ ಸುಲಭಕ್ಕೆ ದಕ್ಕುವುದಿಲ್ಲ. ಪಹಣಿ ಇರುವವನು ಬೆಳೆಯುವುದಿಲ್ಲ, ಬೆಳೆಯುವವನಿಗೆ ಪಹಣಿ ಇಲ್ಲ. ಕರಾವಳಿಯ ಗದ್ದೆ ಹಡೀಲು ಬೀಳಲು ಕೂಲಿಯಾಳಿನ ಅಭಾವ ಎಷ್ಟು ಕಾರಣವೋ ಈ ಗಂಟೂ ಅಷ್ಟೇ ಕಾರಣ.

2021ರಲ್ಲಿ ಉಡುಪಿಯಲ್ಲಿ ಅಂದಿನ ಶಾಸಕ ರಘುಪತಿ ಭಟ್ಟರ ಮುಂದಾಳತ್ವದಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡೀಲು ಭೂಮಿ ಕೃಷಿ ಆಂದೋಲನ ನಡೆಸಿತು. ಮಾಲೀಕರ ಒಪ್ಪಿಗೆ ಪಡೆದು ಸಾವಿರ ಎಕರೆಗೂ ಮಿಕ್ಕಿ ಗದ್ದೆಯಲ್ಲಿ ಭತ್ತ ಬೆಳೆದರು. ಆ ಅಕ್ಕಿ ಮಾರಾಟಕ್ಕೂ ಬಂತು. ಗದ್ದೆ ಯಾರ ಕೈಯಿಂದಲೂ ಜಾರಲಿಲ್ಲ, ಬೈಲಿನ ತೋಡುಗಳ ಹೂಳು ಹೋಯಿತು. ನಿಮ್ಮ ಊರಿನಲ್ಲಿ ಸಹಕಾರಿ ಸಂಘವೋ ಯುವಕ ಮಂಡಲವೋ ಇಂಥ ಕೆಲಸಕ್ಕೆ ಮುಂದೆ ಬಂದರೆ, ಒಂದು ಬೆಳೆಗೆ ಮಾತ್ರ ಎಂದು ಬರೆದ ಒಪ್ಪಿಗೆ ಪತ್ರ ಕೊಡಿ. ಬರೆಯುವ ಮುಂಚೆ ಊರಿನ ವಕೀಲರಿಗೊಮ್ಮೆ ತೋರಿಸಿ.

ಕಾಗದದ ವಿಷಯ ಬಂದದ್ದರಿಂದ ಇನ್ನೊಂದು. ನಮ್ಮ ಅನೇಕರ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಅಜ್ಜ ತೀರಿಹೋಗಿ ಮೂವತ್ತು ವರ್ಷವಾಗಿರುತ್ತದೆ. ಸತ್ತವರ ಹೆಸರಿಗೆ ಯಾವ ಸಹಾಯಧನವೂ ಬರುವುದಿಲ್ಲ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ಸಮೇತ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಹೆಸರು ಬಂದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಆಧಾರ್, ಬ್ಯಾಂಕ್ ಪುಸ್ತಕ, ಪಹಣಿ ಕೊಟ್ಟು 'ಫ್ರೂಟ್ಸ್' ತಂತ್ರಾಂಶದಲ್ಲಿ ನೋಂದಾಯಿಸಿ ಎಫ್.ಐ.ಡಿ. ಸಂಖ್ಯೆ ಮಾಡಿಸಿಕೊಳ್ಳಿ. ಅಳಿಯಕಟ್ಟಿನ ಕುಟುಂಬಗಳಲ್ಲಿ ಪಹಣಿಗೆ ಹದಿನೈದಿಪ್ಪತ್ತು ಹೆಸರು ಇರುವುದುಂಟು. ಆಗ ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ಒಬ್ಬರು ಐರೋಲಿಯಲ್ಲಿ, ಒಬ್ಬರು ದುಬೈಯಲ್ಲಿ, ಇಬ್ಬರಿಗೆ ಮಾತುಕತೆಯೇ ಇಲ್ಲ! ಕುಟುಂಬದ ನಾಗತಂಬಿಲಕ್ಕೋ ದೈವದ ಕೋಲಕ್ಕೋ ಎಲ್ಲರೂ ಸೇರಿದ ದಿನವೇ ಸಹಿ ಹಾಕಿಸಿಕೊಳ್ಳುವುದು ಜಾಣತನ. ಕುಮ್ಕಿ ಜಾಗದಲ್ಲಿ ಗಿಡ ನೆಟ್ಟು ಹಣ ಕೇಳಬೇಡಿ. ಅದು ಸರಕಾರದ ಭೂಮಿ, ನಮಗಿರುವುದು ಸೊಪ್ಪು ಸೌದೆಯ ಸವಲತ್ತು ಮಾತ್ರ.

ದರಗಳೂ ಅನುದಾನವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಮರದ ಯೋಜನೆಗೆ ವಲಯ ಅರಣ್ಯಾಧಿಕಾರಿ ಕಚೇರಿ, ಹೊಂಡ ಮತ್ತು ಭತ್ತಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಮಹಾರಾಷ್ಟ್ರದ ಜಮೀನಿಗೆ ತಾಲೂಕು ಕೃಷಿ ಅಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸಸಿ ಬೇಕಾದವರು ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ರಜೆಯಲ್ಲೇ ನರ್ಸರಿಗೆ ಹೋಗಿ ಬನ್ನಿ. ಗಣಪತಿ ಹಬ್ಬಕ್ಕೆ ಹೋಗುವಷ್ಟರಲ್ಲಿ ನೆಡುವ ಕಾಲ ಮುಗಿದಿರುತ್ತದೆ.