ಅಂಗಳದಲ್ಲಿ ಬಿಚ್ಚಿದ ಜೀಪು

ಮಲೆನಾಡಿನ ತೋಟದ ಮನೆಗಳಲ್ಲಿ ಜೀಪೆಂಬುದು ಬರಿಯ ವಾಹನವಲ್ಲ. ಕಾಫಿ ಮೂಟೆ ಹೊರುವ ಎತ್ತೂ ಅದೇ, ಮಳೆಗಾಲದ ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವ ನಂಟನೂ ಅದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ರೂಪುಗೊಂಡ ವಿಲ್ಲೀಸ್ ಜೀಪು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯ ಮೂಲಕ ನಮ್ಮ ದೇಶಕ್ಕೆ ಬಂದಿತು. ಆ ವಂಶದ ಹಳೆಯ ಗಾಡಿಗಳು ಸಕಲೇಶಪುರ, ಮೂಡಿಗೆರೆಗಳ ಕಡೆ ಇಂದಿಗೂ ದುಡಿಯುತ್ತಿವೆ. ನಮ್ಮ ಮನೆಯಲ್ಲಿಯೂ ಅಂಥದೊಂದಿದೆ. ಅದರ ಹಿಂದಿನ ಆಕ್ಸಲಿನ ಗೇರುಗಳನ್ನು ಮನೆಯವರೇ ಸೇರಿ ಬದಲಿಸಿದ ಅನುಭವವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ದೀಪಾವಳಿ ಕಳೆದ ಮೇಲೆ ಗಾಡಿಯ ಹಿಂಭಾಗದಿಂದ ಗುಂಯ್ ಎಂಬ ಸದ್ದು ಆರಂಭವಾಯಿತು. ವೇಗ ಏರಿದಂತೆ ಸದ್ದೂ ಏರುತ್ತಿತ್ತು. ಗೇರೆಣ್ಣೆ ಇಳಿಸಿ ನೋಡಲಾಗಿ ಅದರಲ್ಲಿ ಉಕ್ಕಿನ ಚೂರುಗಳು ಹೊಳೆಯುತ್ತಿದ್ದವು. ಎಂಜಿನ್ನಿನ ಶಕ್ತಿಯು ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಕ್ಕೆ ಬಂದು ಪಿನಿಯನ್ ಎಂಬ ಚಿಕ್ಕ ಗೇರನ್ನು ತಿರುಗಿಸುತ್ತದೆ. ಅದು ಕ್ರೌನ್ ವೀಲ್ ಎಂಬ ದೊಡ್ಡ ಗೇರನ್ನು ತಿರುಗಿಸಿ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುತ್ತದೆ. ಈ ಜೋಡಿಯ ಹಲ್ಲುಗಳೇ ಸವೆದು ಮುರಿಯತೊಡಗಿದ್ದವು.

ಇದನ್ನು ಅಲಕ್ಷಿಸುವಂತಿರಲಿಲ್ಲ. ಈ ಬಗೆಯ ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಇಳಿಜಾರಿನಲ್ಲಿ ಹಲ್ಲುಗಳು ಕಿತ್ತುಹೋದರೆ ಎಂಜಿನ್ನಿನ ಹಿಡಿತ, ಕೈಬ್ರೇಕಿನ ಹಿಡಿತ ಎರಡೂ ಒಮ್ಮೆಗೇ ಹಿಂದಿನ ಚಕ್ರಗಳಿಗೆ ಇಲ್ಲವಾಗುತ್ತವೆ. ನಮ್ಮ ಮನೆಯಿಂದ ಟಾರು ರಸ್ತೆಗೆ ಇಳಿಯುವ ದಾರಿಯೋ ಕಡಿದಾದುದು.

ಹೊಸ ಗೇರು ತರುವ ಮೊದಲು ಹಳೆಯದರ ಹಲ್ಲು ಎಣಿಸಬೇಕು. ನಮ್ಮ ಕ್ರೌನಿನಲ್ಲಿ 43, ಪಿನಿಯನ್ನಿನಲ್ಲಿ 8 ಹಲ್ಲುಗಳಿದ್ದವು, ಭಾಗಿಸಿದರೆ 5.38. ಪಟ್ಟಣದ ಅಂಗಡಿಯವರೊಬ್ಬರು 47 ಮತ್ತು 11 ಹಲ್ಲುಗಳ, ಅಂದರೆ 4.27ರ ಜೋಡಿಯನ್ನು ಮುಂದಿಟ್ಟು, ಇದನ್ನು ಹಾಕಿದರೆ ಗಾಡಿ ಹಗುರವಾಗಿ ಓಡುವುದೆಂದರು. ಅವರ ಮಾತು ಸುಳ್ಳಲ್ಲ. 71 ಸೆಂಟಿಮೀಟರ್ ವ್ಯಾಸದ ಚಕ್ರವಿದ್ದಾಗ ಟಾಪ್ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2400 ಸುತ್ತು ತಿರುಗಬೇಕಾದಲ್ಲಿ 1900 ಸುತ್ತು ಸಾಕಾಗುತ್ತದೆ. ಆದರೆ ಏರಿನಲ್ಲಿ ಎಳೆಯುವ ಬಲ ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಗಾಡಿಯಲ್ಲಿ ಮುಂದಿನ ಆಕ್ಸಲಿನ ಅನುಪಾತವೂ ಹಿಂದಿನದೂ ಒಂದೇ ಆಗಿರಬೇಕು. ಹಿಂದೆ 4.27, ಮುಂದೆ 5.38 ಇಟ್ಟು ನಾಲ್ಕು ಚಕ್ರದ ಲಿವರನ್ನು ಎಳೆದರೆ ಎರಡು ಆಕ್ಸಲುಗಳೂ ಒಂದರೊಡನೊಂದು ಜಗಳವಾಡಿ ಟ್ರಾನ್ಸ್‌ಫರ್ ಕೇಸು ಹಾಳಾಗುತ್ತದೆ. ಆದುದರಿಂದ ಹಳೆಯ ಅನುಪಾತದ ಜೋಡಿಯನ್ನೇ ಹುಡುಕಿ ತಂದೆವು. ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ; ಎರಡರ ಮೇಲೂ ಒಂದೇ ಗುರುತಿನ ಸಂಖ್ಯೆ ಇದೆಯೇ ಎಂದು ನೋಡಿಯೇ ಕೊಳ್ಳಬೇಕು.

ಅಂಗಳದ ಗಟ್ಟಿ ನೆಲದಲ್ಲಿ ಕೆಲಸ ಆರಂಭಿಸಿದೆವು. ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿದೊಡನೆ ಕೈಬ್ರೇಕು ನಿರುಪಯೋಗಿ. ಮುಂದಿನ ಚಕ್ರಗಳಿಗೆ ಹಿಂದುಮುಂದು ಕಲ್ಲು ಕೊಡಲೇಬೇಕು. ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ತೂರುವುದು ಸಲ್ಲದು; ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಭಾರವನ್ನು ನಿಲ್ಲಿಸಬೇಕು. ಎರಡೂ ಬದಿಯ ಆಕ್ಸಲ್ ಶಾಫ್ಟುಗಳನ್ನು ಎಳೆದು, ಹಿಂದಿನ ಮುಚ್ಚಳ ತೆಗೆದು, ಡಿಫರೆನ್ಶಿಯಲನ್ನು ಹೊರಕ್ಕೆ ತೆಗೆದೆವು. ಬೇರಿಂಗ್ ಕ್ಯಾಪುಗಳಿಗೆ ಎಡ ಬಲ ಎಂದು ಮೊದಲೇ ಗುರುತು ಹಾಕಿದ್ದೆವು, ಏಕೆಂದರೆ ಅವು ಅದಲುಬದಲಾಗಕೂಡದು. ಬೇರಿಂಗುಗಳನ್ನು ಒತ್ತಿ ಕೂರಿಸಲು ಪ್ರೆಸ್ ಬೇಕು. ಆ ಒಂದು ಕೆಲಸವನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದೆವು.

ಈ ಕಾರ್ಯದ ಮರ್ಮವಿರುವುದು ತೋಳಿನಲ್ಲಲ್ಲ, ಶಿಮ್ ಎಂಬ ತೆಳು ಬಿಲ್ಲೆಗಳಲ್ಲಿ. ಪಿನಿಯನ್ ಕ್ರೌನಿಗೆ ಎಷ್ಟು ಹತ್ತಿರ ನಿಲ್ಲಬೇಕೆಂಬುದನ್ನು ಅವು ನಿರ್ಧರಿಸುತ್ತವೆ. ಪಿನಿಯನ್ನಿನ ತಲೆಯ ಮೇಲೆ ಕೂಡು ಅಥವಾ ಕಳೆ ಚಿಹ್ನೆಯೊಡನೆ ಒಂದು ಅಂಕಿ ಕೊರೆದಿರುತ್ತದೆ. ಅದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. ನಮ್ಮ ಹಳೆಯದರ ಮೇಲೆ +2, ಹೊಸದರ ಮೇಲೆ -1 ಇತ್ತು. ಹಳೆಯ ಶಿಮ್ಮುಗಳ ದಪ್ಪ 35 ಸಾವಿರಾಂಶ. ಕಳೆ ಚಿಹ್ನೆ ಕಂಡು ನಾವು ಮೂರನ್ನು ಕಳೆದು 32 ಹಾಕಿದೆವು.

ಎಲ್ಲ ಜೋಡಿಸಿದ ಮೇಲೆ ಕ್ರೌನಿನ ಕೆಲವು ಹಲ್ಲುಗಳಿಗೆ ಪ್ರಷ್ಯನ್ ಬ್ಲೂ ಬಳಿದು ತಿರುಗಿಸಿ ನೋಡಿದೆವು. ಪಿನಿಯನ್ ಒತ್ತಿದ ಗುರುತು ಹಲ್ಲಿನ ನಡುವೆ ಬೀಳಬೇಕು. ನಮ್ಮದು ತುದಿಯಲ್ಲಿ ಬಿದ್ದಿತ್ತು. ಅಂದರೆ ಪಿನಿಯನ್ ದೂರ ನಿಂತಿತ್ತು. ತೋಟದಲ್ಲಿ ಹಣ್ಣು ಕೊಯ್ಲಿಗೆ ಬಂದಿತ್ತು. ಮತ್ತೆ ಬಿಚ್ಚಿದರೆ ಇನ್ನೆರಡು ದಿನ ಹೋಗುತ್ತದೆ. ಓಡುತ್ತ ಓಡುತ್ತ ತಾನೇ ಹೊಂದಿಕೊಂಡೀತೆಂದು ತಮ್ಮ ಹೇಳಿದ. ನಮಗೂ ಹಾಗೆನ್ನಿಸಿದ್ದು ನಿಜ. ದೀಪ ಹಿಡಿದು ನಿಂತಿದ್ದ ತಾಯಿಯವರು, “ಇದರಲ್ಲಿ ಕೂರುವುದು ಮಕ್ಕಳಲ್ಲವೇನಪ್ಪಾ? ತಡವಾದರೆ ನಾಲ್ಕು ಹಣ್ಣು ಉದುರೀತು, ಅಷ್ಟೆ” ಎಂದರು. ಆ ಮಾತಿಗೆ ಯಾರೂ ಎದುರಾಡಲಿಲ್ಲ.

ತಪ್ಪು ಹಿಡಿದವಳು ಲೆಕ್ಕ ಬರೆದುಕೊಳ್ಳುತ್ತಿದ್ದ ತಮ್ಮನ ಮಗಳು. “ದೊಡ್ಡಪ್ಪಾ, ಕಳೆ ಚಿಹ್ನೆ ಎಂದರೆ ಪಿನಿಯನ್ ಇನ್ನೂ ಹತ್ತಿರ ಬರಬೇಕು ಎಂದಲ್ಲವೆ? ಕೂಡಬೇಕಾದಲ್ಲಿ ಕಳೆದಿದ್ದೀರಿ” ಎಂದಳು. ಬೇಕಿದ್ದುದು 38. ಮರುದಿನ ಎಲ್ಲವನ್ನೂ ಬಿಚ್ಚಿ ಸರಿಪಡಿಸಿದೆವು. ನೀಲಿ ಗುರುತು ಹಲ್ಲಿನ ನಡುವೆ ಬಂದು ಕುಳಿತಿತು. ಎರಡು ಗೇರುಗಳ ನಡುವಣ ಸಡಿಲವನ್ನು ಡಯಲ್ ಗೇಜಿನಿಂದ ಅಳೆದೆವು. ಇದು ಸಾಮಾನ್ಯವಾಗಿ ಇಂಚಿನ ಸಾವಿರದ ಐದರಿಂದ ಹತ್ತು ಭಾಗದೊಳಗಿರಬೇಕು. ಆಯಾ ಗಾಡಿಯ ಕೈಪಿಡಿಯ ಅಳತೆಯೇ ಅಂತಿಮ ಪ್ರಮಾಣ.

ಹೊಸ ಗೇರೆಣ್ಣೆ ತುಂಬಿ, ಮೊದಲ ದಿನ ಹೊರೆಯಿಲ್ಲದೆ 25 ಕಿಲೋಮೀಟರ್ ಮೆಲ್ಲನೆ ಓಡಿಸಿ, ತಣಿಯಲು ಬಿಟ್ಟೆವು. ಸುಮಾರು 800 ಕಿಲೋಮೀಟರ್ ಆದ ಮೇಲೆ ಎಣ್ಣೆಯನ್ನು ಬದಲಿಸಿದೆವು. ಗುಂಯ್ ಸದ್ದು ಈಗಿಲ್ಲ.

ಎಲ್ಲರೂ ಈ ಕೆಲಸಕ್ಕೆ ಕೈಹಾಕಬೇಕೆಂದು ನಾವು ಹೇಳಲಾರೆವು. ಡಯಲ್ ಗೇಜು, ಕೈಪಿಡಿ, ಸಾವಧಾನ ಇವು ಮೂರೂ ಇಲ್ಲದವರು ಬಲ್ಲವರಿಗೆ ಒಪ್ಪಿಸುವುದೇ ಲೇಸು. ಕೈಹಾಕುವವರು ಮಾತ್ರ ಒಂದನ್ನು ಮರೆಯಬಾರದು. ಜೋಡಿಸಿದ್ದನ್ನು ಮತ್ತೆ ಬಿಚ್ಚಲು ಮನಸ್ಸಿಲ್ಲದವರು ಮೊದಲ ಬೋಲ್ಟನ್ನೂ ಬಿಚ್ಚಕೂಡದು. ಕೊಯ್ಲಿಗೆ ಎರಡು ದಿನ ತಡವಾಯಿತು. ಒಂದಿಷ್ಟು ಹಣ್ಣು ಉದುರಿದ್ದೂ ಹೌದು. ಆದರೆ ಇಂದು ಮಕ್ಕಳನ್ನು ಕೂರಿಸಿಕೊಂಡು ಆ ಇಳಿಜಾರನ್ನು ಇಳಿಯುವಾಗ ಮನೆಯಲ್ಲಿ ಯಾರಿಗೂ ಎದೆ ನಡುಗುವುದಿಲ್ಲ.