ಗಲ್ಲಾಪೆಟ್ಟಿಗೆ ತುಂಬುವುದು ಯಾವುದರಿಂದ?

ಮುಂಬಯಿಯ ನಮ್ಮ ಹೋಟೆಲು ಬಂಧುಗಳು ರಾತ್ರಿ ಬಾಗಿಲು ಹಾಕುವಾಗ ನಷ್ಟವನ್ನೇ ಎಣಿಸುತ್ತಾರೆ. ಅಂಗಡಿ ಯಾವುದರಿಂದ ನಡೆದಿದೆಯೆಂದು ವಿಚಾರಿಸುವವರು ವಿರಳ.

ಲೇಖನಿ ಹಿಡಿಯುವ ಮುನ್ನ ನಾನೂ ಹೋಟೆಲು ನಡೆಸಿದವನೇ. ತಿಂಡಿಗಳ ಪಟ್ಟಿ ಬೆಳೆಸಿ ಕೈ ಸುಟ್ಟುಕೊಂಡೆ. ಒಂದು ತಿಂಗಳು ಪ್ರತಿಯೊಂದು ತಿಂಡಿಯ ಮಾರಾಟವನ್ನೂ ಬರೆದಿಟ್ಟಾಗ ತಿಳಿಯಿತು: ಪೆಟ್ಟಿಗೆ ತುಂಬುತ್ತಿದ್ದುದು ಇಡ್ಲಿ, ದೋಸೆ, ಕಾಫಿ ಮಾತ್ರ. ಆ ರುಚಿ ಅಡಿಗೆಭಟ್ಟರ ಕೈಯದು; ಅವರೋ ಸಂಬಳ ಸಾಲದೆಂದು ಊರಿಗೆ ಹೊರಟು ನಿಂತಿದ್ದರು! ಮಿಕ್ಕ ತಿಂಡಿಗಳನ್ನು ಕೈಬಿಟ್ಟೆ. ಮಿಗಿಸಿದ ಹಣದಿಂದ ಅವರ ಸಂಬಳ ಏರಿಸಿದೆ. ಭಟ್ಟರು ಉಳಿದರು, ಹೋಟೆಲೂ ಉಳಿಯಿತು.

ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಊಟದ ಮನೆಯೂ ಇಂದಿಗೂ ಊಟವನ್ನೇ ನಂಬಿ ನಡೆದಿದೆಯಷ್ಟೆ. ವಾಚಕರೇ, ಬಾಕಿಯನ್ನು ಬರೆಯುವ ಪುಸ್ತಕದಲ್ಲಿ ಬಾಳಿಸಿದ್ದನ್ನೂ ಬರೆದಿಡಿ.