ಬೈಕ್ ಇದೆಯಾ ಎಂದಷ್ಟೇ ಕೇಳಿದರು

ಡಿಗ್ರಿ ಮುಗಿಸಿ ಹೋದ ಮೊದಲ ಸಂದರ್ಶನದಲ್ಲಿ ಕೇಳಿದ್ದು ಎರಡೇ ಪ್ರಶ್ನೆ: 'ಬೈಕ್ ಇದೆಯಾ? ಲೈಸೆನ್ಸ್ ಇದೆಯಾ?' ಎರಡೂ ಇತ್ತು. ಸೇಲ್ಸ್ ಕೆಲಸ ಸಿಕ್ಕಿತು. ಬೆಳಗ್ಗೆ ಸುರತ್ಕಲ್, ಮಧ್ಯಾಹ್ನ ಬಿ.ಸಿ.ರೋಡ್, ಸಂಜೆ ತೊಕ್ಕೊಟ್ಟು. ದಿನಕ್ಕೆ ಹದಿನೈದು ಅಂಗಡಿ ಮುಗಿಸಲೇಬೇಕು.

ಜುಲೈ ತಿಂಗಳ ಒಂದು ಸಂಜೆ. ನಂತೂರು ವೃತ್ತದ ಹತ್ತಿರ ಜೋರು ಮಳೆ. ಜೇಬಿನಲ್ಲಿ ಮೊಬೈಲ್ ಬಿಡದೆ ರಿಂಗಣಿಸುತ್ತಿತ್ತು. ಮ್ಯಾನೇಜರ್ ಇರಬೇಕೆಂದು ಒಂದು ಕೈಯಲ್ಲಿ ತೆಗೆಯಲು ಹೋದೆ. ನೀರು ತುಂಬಿದ ಗುಂಡಿ ಕಾಣಲಿಲ್ಲ. ಹಿಂದಿದ್ದ ಬಸ್ಸಿನ ಚಾಲಕ ಸಮಯಕ್ಕೆ ಬ್ರೇಕ್ ಹಾಕಿದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ. ಮುಂಗೈ ಮುರಿದಿತ್ತು. ರಿಕ್ಷಾದವರೊಬ್ಬರು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯೂ ಕಾಲ್ ಬಂತು: 'ಎಲ್ಲಿದ್ದಿ ಮಾರಾಯ? ಉಳಿದ ಮೂರು ಅಂಗಡಿ ಎಂತ ಆಯ್ತು?'

ಆಸ್ಪತ್ರೆ ಬಿಲ್ ಕಟ್ಟಿದ್ದು ಅಪ್ಪ. ಕೆಲಸದ ಮೇಲಿದ್ದಾಗ ಗಾಯಗೊಂಡವರಿಗೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನು ನಮ್ಮಲ್ಲಿ 1923ರಲ್ಲೇ ಬಂದಿದೆ ಎಂದು ನನಗೆ ತಿಳಿದದ್ದು ಕೈ ಕೂಡಿದ ಮೇಲೆ.

ಎರಡನೇ ಕೆಲಸದ ಸಂದರ್ಶನದಲ್ಲಿ ಪ್ರಶ್ನೆ ಕೇಳಿದ್ದು ನಾನು. ಅಪಘಾತ ವಿಮೆ ಇದೆಯಾ? ಮಳೆ ಜೋರಿದ್ದ ದಿನ ಟಾರ್ಗೆಟ್ ಕಡಿಮೆ ಮಾಡುತ್ತೀರಾ? ಬೈಕ್ ಓಡಿಸುವಾಗ ಕಾಲ್ ಎತ್ತದಿದ್ದರೆ ಬೈಗುಳ ಇದೆಯಾ? ಎದುರಿದ್ದವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಒಂದೊಂದಕ್ಕೂ ಉತ್ತರ ಕೊಟ್ಟರು. ಕೆಲಸವೂ ಸಿಕ್ಕಿತು.

ಈಗ ಮೊಬೈಲ್ ಬ್ಯಾಗಿನೊಳಗೆ. ಬೈಕ್ ಬದಿಗೆ ನಿಲ್ಲಿಸಿದ ಮೇಲೆಯೇ ಕಾಲ್. ಗೆಳೆಯರೇ, ಸಂದರ್ಶನದಲ್ಲಿ ಸಂಬಳದ ಜೊತೆಗೆ ಈ ಮೂರು ಪ್ರಶ್ನೆಗಳನ್ನೂ ಕೇಳಿ. ಕೇಳಿದ್ದಕ್ಕೆ ಕೆಲಸ ತಪ್ಪಿದರೆ, ಅಂಥ ಕೆಲಸ ತಪ್ಪಿದ್ದೇ ಒಳ್ಳೆಯದು.